ದೇಶ ಸುತ್ತುವ ವಿದ್ಯೆಯೂ ಅಡಗುಪೆಟ್ಟಿಗೆಯ ಆಟವೂ

"ದೇಶ ಸುತ್ತು, ಕೋಶ ಓದು" ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ವಿದ್ಯೆಗೆ ಇವೆರಡೂ ಬೇಕೆಂದು ತಿಳಿದೇ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಆದರೆ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಈ ಗಾದೆಯ ಅರ್ಧವು ಮಾತ್ರವೇ ಬಂದಿರುವುದೆಂದು ನಾನು ಹೇಳಿದರೆ ವಾಚಕರು ಕೋಪಿಸಿಕೊಳ್ಳಲಾರರೆಂದು ನಂಬುತ್ತೇನೆ. ಕೋಶವನ್ನು ಅವರ ಕೈಗೆ ಕೊಟ್ಟೆವು. ದೇಶವನ್ನೋ ಭೂಪಟದಲ್ಲಿ ಬರೆದು ಗೋಡೆಗೆ ತೂಗುಹಾಕಿದೆವು. ಪ್ರಪಂಚದ ಮಹಾನದಿಗಳ ಹೆಸರನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗಿಯನ್ನು, ನಿನ್ನ ಮನೆಯ ಹಿಂದಣ ಹಳ್ಳವು ಯಾವ ದಿಕ್ಕಿಗೆ ಹರಿಯುತ್ತದೆಂದು ಕೇಳಿದರೆ ತಲೆ ತಗ್ಗಿಸುವಳು. ಇದು ಅವಳ ತಪ್ಪಲ್ಲ. ಅವಳನ್ನು ಆ ಹಳ್ಳದವರೆಗೆ ನಡೆಯಗೊಟ್ಟವರಾರು?

ಈ ಕೊರತೆಯನ್ನು ನೀಗಿಸತಕ್ಕ ಉಪಾಯಗಳಲ್ಲಿ ಒಂದನ್ನು ಕುರಿತು ಈ ಪುಟಗಳಲ್ಲಿ ನನ್ನ ಅಭಿಪ್ರಾಯವನ್ನು ತಿಳಿಸಬೇಕೆಂದಿದ್ದೇನೆ. ಅದು ಒಂದು ಆಟ. ಪರದೇಶಗಳಲ್ಲಿ ಅದಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಜಿಯೋ ಎಂದರೆ ಭೂಮಿ; ಕ್ಯಾಷ್ ಎಂದರೆ ಇಲ್ಲಿ ರೊಕ್ಕವಲ್ಲ, ಅಡಗಿಸಿಟ್ಟ ವಸ್ತುಸಂಗ್ರಹ. ನಾನು ಅದನ್ನು ಅಡಗುಪೆಟ್ಟಿಗೆಯ ಆಟವೆಂದು ಕರೆಯುತ್ತೇನೆ. ಒಬ್ಬರು ಒಂದು ಸಣ್ಣ ಪೆಟ್ಟಿಗೆಯನ್ನು ಹೊರಗೆಲ್ಲಿಯೋ ಬಚ್ಚಿಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವರು. ಮಿಕ್ಕವರು ಆ ಅಂಕಿಗಳನ್ನು ಹಿಡಿದು ಅದನ್ನು ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರನ್ನೂ ತಾರೀಖನ್ನೂ ಬರೆದು, ಪೆಟ್ಟಿಗೆಯನ್ನು ಇದ್ದಲ್ಲಿಯೇ ಇದ್ದ ಹಾಗೆಯೇ ಇಟ್ಟು ಬರತಕ್ಕದ್ದು. ಆಟವು ಇಷ್ಟೇ.

ಇದು ಹುಟ್ಟಿದ ಬಗೆಯು ತಿಳಿಯತಕ್ಕದ್ದಾಗಿದೆ. ಅಮೆರಿಕಾದ ಸಂಯುಕ್ತ ಸಂಸ್ಥಾನದವರು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳನ್ನು ಇಟ್ಟಿದ್ದಾರೆ. ಅವು ಕಳುಹುವ ಸಮಯದ ಸಂಜ್ಞೆಗಳು ತನ್ನನ್ನು ಮುಟ್ಟಲು ಹಿಡಿದ ಕಾಲವನ್ನು ಎಣಿಸಿ, ಕೈಯಲ್ಲಿರುವ ಯಂತ್ರವು ತಾನಿರುವ ಸ್ಥಳವನ್ನು ಕಂಡುಕೊಳ್ಳುತ್ತದೆ. ಇದಕ್ಕೆ ಕಡಮೆಯೆಂದರೆ ನಾಲ್ಕು ಉಪಗ್ರಹಗಳು ಬೇಕು. ಮೊದಮೊದಲು ಸರಕಾರದವರು ಸೈನ್ಯದ ದೃಷ್ಟಿಯಿಂದ ಜನಸಾಮಾನ್ಯರಿಗೆ ದೊರೆಯುವ ಸಂಜ್ಞೆಯಲ್ಲಿ ಬೇಕೆಂದೇ ತಪ್ಪನ್ನು ಬೆರಸುತ್ತಿದ್ದರು. ಅದರಿಂದ ನೂರು ಮೀಟರುಗಳಷ್ಟು ವ್ಯತ್ಯಾಸ ಬೀಳುತ್ತಿತ್ತು. 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ ಆ ತಪ್ಪನ್ನು ತೆಗೆದುಬಿಟ್ಟರು. ಒಂದೇ ರಾತ್ರಿಯಲ್ಲಿ ಯಂತ್ರಗಳು ಹತ್ತು ಪಾಲು ನಿಖರವಾದವು.

ಆ ತಿಂಗಳ 3ನೆಯ ತಾರೀಖಿನಲ್ಲಿಯೇ ಡೇವ್ ಅಲ್ಮರ್ ಎಂಬವರು ಆರೆಗಾನ್ ಸಂಸ್ಥಾನದ ಬೀವರ್‌ಕ್ರೀಕ್ ಎಂಬ ಊರ ಬಳಿಯ ಕಾಡಿನಲ್ಲಿ ಒಂದು ಕರಿಯ ಬಕೀಟನ್ನು ಇಟ್ಟು, ಅದರಲ್ಲಿ ಒಂದು ಪುಸ್ತಕ, ಒಂದು ಸೀಸದಕಡ್ಡಿ, ಕೆಲವು ಚಿಲ್ಲರೆ ಸಾಮಾನು, ಅವರೆಯಂಥ ಬೇಳೆಯ ಒಂದು ಡಬ್ಬಿ ಇವನ್ನು ಹಾಕಿ, ಸ್ಥಳದ ಅಂಕಿಗಳನ್ನು ಪ್ರಕಟಿಸಿದರು. "ಏನನ್ನಾದರೂ ತೆಗೆದುಕೊಳ್ಳಿರಿ, ಏನನ್ನಾದರೂ ಬಿಟ್ಟುಹೋಗಿರಿ" ಎಂಬುದೇ ಅವರ ನಿಯಮವಾಗಿತ್ತು. ಮೂರು ದಿನಗಳೊಳಗಾಗಿ ಅದನ್ನು ಕಂಡವರು ಬಂದರು. ಆ ವರುಷದ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಎಂಬವರು ಈ ಆಟಕ್ಕಾಗಿ ಅಂತರ್ಜಾಲದಲ್ಲಿ ಒಂದು ತಾಣವನ್ನು ತೆರೆದಾಗ ಲೋಕದಲ್ಲೆಲ್ಲಾ 75 ಪೆಟ್ಟಿಗೆಗಳಿದ್ದವು. ಈಗ ಅವು ಮೂವತ್ತು ಲಕ್ಷವನ್ನು ಮೀರಿವೆ. ಏಳು ಖಂಡಗಳಲ್ಲಿಯೂ ಇವೆ.

ಇದಕ್ಕಿಂತ ಹಳೆಯದಾದ ಇನ್ನೊಂದು ಬೇರೂ ಈ ಆಟಕ್ಕೆ ಉಂಟು. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬೋಳುಗುಡ್ಡಗಳ ಪ್ರದೇಶದಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಕ್ರಾನ್‌ಮಿಯರ್ ಮಡುವಿನ ಬಳಿ ಒಂದು ಸೀಸೆಯನ್ನು ಇಟ್ಟನು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಬಿಟ್ಟುಹೋಗುತ್ತಿದ್ದರು. ಅಲ್ಲಿ ಉಪಗ್ರಹವೂ ಇಲ್ಲ, ಯಂತ್ರವೂ ಇಲ್ಲ. ದಾರಿಯ ಗುರುತು, ದಿಕ್ಸೂಚಿ, ಕಾಲು, ಇವೇ ಸಾಧನಗಳು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವಿದೆ.

ನಾನು ಈ ಆಟವನ್ನು ಓದಿ ತಿಳಿದುದಲ್ಲ. ಆರೆಗಾನಿನಲ್ಲಿರುವ ನನ್ನ ತಮ್ಮನ ಮನೆಗೆ ಒಂದು ಬೇಸಗೆಯ ರಜೆಯಲ್ಲಿ ಹೋಗಿದ್ದಾಗ ಅವನ ಹನ್ನೆರಡು ವರುಷದ ಮಗಳು ನನ್ನನ್ನು ಪೋರ್ಟ್‌ಲೆಂಡ್ ಪಟ್ಟಣದ ಅಂಚಿನ ಒಂದು ಕಾಡಿಗೆ ಕರೆದುಕೊಂಡು ಹೋದಳು. ಎತ್ತರವಾದ ಫರ್ ಮರಗಳು, ಕೆಳಗೆ ಮೊಣಕಾಲುದ್ದದ ಜರೀಗಿಡಗಳು, ಮಳೆ ನಿಂತ ಮೇಲಣ ಮಣ್ಣಿನ ವಾಸನೆ. ಯಂತ್ರವು ನಮ್ಮನ್ನು ಒಂದು ಬಿದ್ದ ಮರದ ಹತ್ತಿರಕ್ಕೆ ತಂದು, ಇನ್ನು ನಾಲ್ಕು ಮೀಟರು ಎಂದು ತೋರಿಸಿ ಸುಮ್ಮನಾಯಿತು. ನಾನು ಎಲ್ಲಾ ಕಡೆಗಳಲ್ಲಿಯೂ ತಡವರಿಸಿದೆನು. ಅವಳಾದರೋ ನಿಂತಲ್ಲಿಯೇ ನಿಂತು ನೋಡಿ, "ಅತ್ತೆ, ಕಾಡಿನಲ್ಲಿ ಕಡ್ಡಿಗಳು ಒಂದರ ಮಗ್ಗುಲಲ್ಲಿ ಒಂದು ಹೀಗೆ ಸಾಲಾಗಿ ಬೀಳುವುದುಂಟೇ?" ಎಂದಳು. ಆ ಸಾಲುಕಡ್ಡಿಗಳ ಅಡಿಯಲ್ಲಿಯೇ ಪೆಟ್ಟಿಗೆಯಿತ್ತು. ಇಪ್ಪತ್ತು ವರುಷಗಳಿಗೂ ಮೇಲ್ಪಟ್ಟು ನಾನು ನಿಸರ್ಗಪಾಠವನ್ನು ಕಲಿಸಿದವಳು. ಆ ಹೊತ್ತು ನನಗೆ ಆದ ನಾಚಿಕೆಯನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇದರಿಂದ ಈ ಆಟದ ಮೊದಲನೆಯ ಪ್ರಯೋಜನವು ತಿಳಿಯುತ್ತದೆ. ಯಂತ್ರವು ಕೆಲವು ಹೆಜ್ಜೆಗಳ ಆಚೆಗೆ ತಂದು ಬಿಡುವುದೇ ಹೊರತು ಪೆಟ್ಟಿಗೆಯನ್ನು ಕೈಯಲ್ಲಿಡಲಾರದು. ಉಳಿದುದೆಲ್ಲಾ ಕಣ್ಣಿನ ಕೆಲಸ. ಭೂಗೋಳದ ಪಾಠವೂ ಇದರಲ್ಲಿ ತಾನಾಗಿ ಬರುವುದು. ಹೇಗೆಂದರೆ, ಈ ಆಟದಲ್ಲಿ ಸ್ಥಳವನ್ನು ಡಿಗ್ರಿ, ಮಿನಿಟು, ಮಿನಿಟಿನ ಸಾವಿರದಲ್ಲೊಂದು ಭಾಗ ಇವುಗಳಲ್ಲಿ ಹೇಳುತ್ತಾರೆ. ಅಕ್ಷಾಂಶದ ಒಂದು ಮಿನಿಟು ಎಂದರೆ ಸುಮಾರು 1.85 ಕಿಲೋಮೀಟರು, ಅದರ ಸಾವಿರದಲ್ಲೊಂದು ಭಾಗವು ಸುಮಾರು 6 ಅಡಿ. ರೇಖಾಂಶದ ಮಿನಿಟಾದರೋ ಎಲ್ಲಾ ಕಡೆಗಳಲ್ಲಿಯೂ ಒಂದೇ ಅಳತೆಯಲ್ಲ. ಬೆಂಗಳೂರಿನ 13ನೆಯ ಡಿಗ್ರಿಯಲ್ಲಿ ಅದು ಸುಮಾರು 1.8 ಕಿಲೋಮೀಟರಾದರೆ ಬೀವರ್‌ಕ್ರೀಕಿನ 45ನೆಯ ಡಿಗ್ರಿಯಲ್ಲಿ ಸುಮಾರು 1.3 ಕಿಲೋಮೀಟರು ಮಾತ್ರ. ಧ್ರುವಗಳ ಕಡೆಗೆ ರೇಖಾಂಶಗಳು ಒತ್ತಾಗುತ್ತವೆಂದು ಕರಿಯ ಹಲಗೆಯ ಮೇಲೆ ಎಷ್ಟು ಸಾರಿ ಬರೆದರೂ ತಿಳಿಯದುದು, ಎರಡು ಹೆಜ್ಜೆ ತಪ್ಪಿ ಮುಳ್ಳಿನ ಪೊದೆಯಲ್ಲಿ ಹುಡುಕಿದವಳಿಗೆ ಒಂದೇ ದಿನದಲ್ಲಿ ತಿಳಿದೀತು. ದಾರಿ ತೋರುವ ಉಪಗ್ರಹಗಳ ವಿದ್ಯೆಯು ನಮಗೆ ಪರಕೀಯವೂ ಅಲ್ಲ. ನಮ್ಮ ದೇಶದವರೇ ಹಾರಿಸಿದ ಅಂಥ ಉಪಗ್ರಹಗಳಿಗಾಗಿ 2013ರಲ್ಲಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಒಂದು ಕೇಂದ್ರವು ತೆರೆಯಿತು.

ಆದರೆ ಹುಡುಕುವುದಕ್ಕಿಂತಲೂ ಬಚ್ಚಿಡುವುದರಲ್ಲಿಯೇ ಈ ಆಟದ ಸಾರವಿದೆಯೆಂಬುದು ನನ್ನ ಅಭಿಪ್ರಾಯ. ಹುಡುಕುವವನಿಗೆ ಗೆಲವಿನ ಸಂತೋಷವುಂಟು. ಬಚ್ಚಿಟ್ಟವನಿಗೆ ಹೊಣೆ ಮಾತ್ರವೇ ಉಂಟು. ನೆಲದ ಒಡೆಯರ ಅನುಮತಿಯನ್ನು ಕೇಳಬೇಕು. ಪೆಟ್ಟಿಗೆಗಾಗಿ ನೆಲವನ್ನು ಅಗೆಯಕೂಡದು. ಇನ್ನೊಂದು ಪೆಟ್ಟಿಗೆಯಿಂದ 161 ಮೀಟರುಗಳಾದರೂ ದೂರವಿರಬೇಕು. ತಿಂಡಿಯನ್ನು ಇಡಕೂಡದು, ಪ್ರಾಣಿಗಳು ವಾಸನೆ ಹಿಡಿದು ಬರುವುವು. ತಲಪುವ ಕಷ್ಟವನ್ನೂ ಹುಡುಕುವ ಕಷ್ಟವನ್ನೂ ಒಂದರಿಂದ ಐದರವರೆಗೆ ಅಂಕೆಯಿಟ್ಟು ಮೊದಲೇ ತಿಳಿಸಬೇಕು. ದಾರಿಗೆ ಒಂದು ಎಂದು ಬರೆದರೆ ಗಾಲಿಕುರ್ಚಿಯಲ್ಲಿ ಬರುವವರಿಗೂ ಅದು ಎಟಕುವಂತಿರಬೇಕು. ಸಂಬಳವಿಲ್ಲದೆ ದುಡಿಯುವ ಪರಿಶೀಲಕರು ಇವನ್ನೆಲ್ಲಾ ನೋಡಿದ ಮೇಲೆಯೇ ಅದು ಪ್ರಕಟವಾಗುವುದು. ಅಷ್ಟಕ್ಕೂ ಮುಗಿಯಲಿಲ್ಲ. ಪುಸ್ತಕವು ನೆನೆದರೆ ಒಣಗಿದ್ದನ್ನು ಇಡಬೇಕು, ಮುಚ್ಚಳವು ಒಡೆದರೆ ಬೇರೆಯದನ್ನು ತರಬೇಕು. ಆದುದರಿಂದಲೇ, ಪ್ರವಾಸದಲ್ಲಿ ಹೋದ ದೂರದೂರಿನಲ್ಲಿ ಪೆಟ್ಟಿಗೆಯನ್ನಿಟ್ಟು ಮರಳಿ ನೋಡದವರಿಗೆ ಸಾಮಾನ್ಯವಾಗಿ ಅವಕಾಶವನ್ನು ಕೊಡುವುದಿಲ್ಲ. ತಾನು ಎಂದಿಗೂ ಮುಖ ನೋಡದವರ ಸಂತೋಷಕ್ಕಾಗಿ, ಮೆಚ್ಚಿಗೆಯನ್ನು ಎದುರುನೋಡದೆ, ವರುಷಗಟ್ಟಲೆ ಒಂದು ಡಬ್ಬಿಯನ್ನು ಕಾಪಾಡುವುದು ಸಣ್ಣ ಶಿಕ್ಷಣವೇ?

ಇನ್ನು ಸಂಚಾರಿ ವಸ್ತುಗಳ ವಿಷಯ. 2001ರಲ್ಲಿ ಈ ಆಟಕ್ಕೆ ಟ್ರಾವೆಲ್ ಬಗ್ ಎಂಬುದೊಂದು ಸೇರಿತು. ಸೈನಿಕರು ಕೊರಳಿಗೆ ಹಾಕುವಂಥ ಒಂದು ಲೋಹದ ಬಿಲ್ಲೆ. ಅದರ ಮೇಲೆ ಅದಕ್ಕೇ ಮೀಸಲಾದ ಒಂದು ಸಂಖ್ಯೆ. ಅದನ್ನು ಯಾವುದಾದರೊಂದು ಆಟದ ಸಾಮಾನಿಗೆ ಕಟ್ಟಿ ಪೆಟ್ಟಿಗೆಯಲ್ಲಿ ಬಿಡುವರು. ಕಂಡವರು ಅದನ್ನು ಇಟ್ಟುಕೊಳ್ಳಕೂಡದು. ಇನ್ನೊಂದು ಪೆಟ್ಟಿಗೆಗೆ ಒಯ್ದು, ಎಲ್ಲಿ ಬಿಟ್ಟೆವೆಂದು ಬರೆಯತಕ್ಕದ್ದು. ಹೀಗೆ ಕೈಯಿಂದ ಕೈಗೆ ಅದು ದೇಶ ಸುತ್ತುವುದು. 2013ರಲ್ಲಿ ಅಂಥದೊಂದು ಬಿಲ್ಲೆಯನ್ನು ಒಬ್ಬ ಗಗನಯಾತ್ರಿಯು ಅಂತರರಾಷ್ಟ್ರೀಯ ಆಕಾಶ ನಿಲ್ದಾಣಕ್ಕೆ ಒಯ್ದನು. 2021ರ ಫೆಬ್ರವರಿಯಲ್ಲಿ ಮಂಗಳಗ್ರಹದಲ್ಲಿ ಇಳಿದ ಪರ್ಸಿವರೆನ್ಸ್ ಎಂಬ ವಾಹನದ ಒಂದು ಉಪಕರಣದ ಮೇಲೆಯೂ ಅಂಥ ಸಂಖ್ಯೆಯನ್ನು ಕೆತ್ತಿರುವರು.

ನನ್ನ ತಮ್ಮನ ಮಗಳೂ ಒಂದು ಬಿಲ್ಲೆಯನ್ನು ಬಿಟ್ಟಿದ್ದಳು. ಅವಳ ಅಜ್ಜಿ ಕಳುಹಿಸಿದ್ದ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯೊಂದಕ್ಕೆ ಅದನ್ನು ಕಟ್ಟಿ, "ಇದು ಮೈಸೂರಿನಲ್ಲಿರುವ ನನ್ನ ಅಜ್ಜಿಯ ಕೈ ಸೇರಬೇಕು" ಎಂದು ಅದರ ಗುರಿಯನ್ನು ಬರೆದಿದ್ದಳು. ಬುಗುರಿಯು ಆರು ಕೈಗಳನ್ನು ದಾಟಿ ಜರ್ಮನಿಯನ್ನು ಮುಟ್ಟಿತು. ಅಲ್ಲಿ ಯಾರೋ ತೆಗೆದುಕೊಂಡರು, ಮುಂದೆ ಸುದ್ದಿಯಿಲ್ಲ. ಒಂದು ವರುಷ ಕಾದು ಅವಳು ನನ್ನನ್ನು ಕೇಳಿದಳು: "ಅತ್ತೆ, ಅದು ಬೇರೆಯವರದೆಂದು ಅದರ ಮೇಲೆಯೇ ಬರೆದಿತ್ತಲ್ಲಾ, ತೆಗೆದುಕೊಂಡವರು ಓದಲಿಲ್ಲವೇ?" ಮಕ್ಕಳಿಗೆ ಉತ್ತರ ಕೊಡುವುದೇ ನನ್ನ ಉದ್ಯೋಗವಾದಾಗ್ಯೂ ಈ ಪ್ರಶ್ನೆಗೆ ನಾನು ಥಟ್ಟನೆ ಉತ್ತರ ಕೊಡಲಾರದೆ ಹೋದೆನು. ಓದಿರಬಹುದು, ಮಕ್ಕಳ ಕೈಗೆ ಸಿಕ್ಕಿರಬಹುದು, ಅಂಗಿಯ ಜೇಬಿನಲ್ಲಿ ಮರೆತಿರಬಹುದು. ಯಾರೆಂದು ತಿಳಿಯದವರ ಮೇಲೆ ಕಳ್ಳತನವನ್ನು ಹೊರಿಸುವುದು ನ್ಯಾಯವಲ್ಲವೆಂದಷ್ಟೇ ಹೇಳಿದೆನು.

ಅವಳಿಗೆ ಸಮಾಧಾನವಾಗಲಿಲ್ಲ. ಆದರೆ ಮರುದಿನ ಅವಳು ಮಾಡಿದ್ದೇನು? ಈ ಬಿಲ್ಲೆಗಳನ್ನು ಮಾರುವಾಗ ಒಂದೇ ಸಂಖ್ಯೆಯ ಎರಡನ್ನು ಕೊಡುತ್ತಾರೆ. ಒಂದು ಪಯಣಕ್ಕೆ, ಇನ್ನೊಂದು ಒಡೆಯರ ಬಳಿ ಇರಲಿಕ್ಕೆ. ಪೆಟ್ಟಿಗೆಯ ತಳದಿಂದ ಆ ಎರಡನೆಯ ಬಿಲ್ಲೆಯನ್ನು ತೆಗೆದು ಬೇರೊಂದು ಬುಗುರಿಗೆ ಕಟ್ಟಿ, ಹಳೆಯ ಗುರಿಯನ್ನೇ ಹೊಸದಾಗಿ ಬರೆದು, ಅದೇ ಬಿದ್ದ ಮರದ ಅಡಿಯ ಪೆಟ್ಟಿಗೆಯಲ್ಲಿ ಬಿಟ್ಟಳು. ಒಂದು ಸಾರಿ ವಂಚಿತಳಾದವಳು ಎರಡನೆಯ ಸಾರಿ ಮನುಷ್ಯರನ್ನು ನಂಬಿದಳು. ಅವಳ ವಯಸ್ಸಿನಲ್ಲಿ ನಾನಾಗಿದ್ದರೆ ಆ ಎರಡನೆಯ ಬಿಲ್ಲೆಯನ್ನು ಬೀಗ ಹಾಕಿ ಇಡುತ್ತಿದ್ದೆನೋ ಏನೋ. ಯಾವ ಪಾಠಪುಸ್ತಕದಲ್ಲಿ ನಾವು ಇದನ್ನು ಕಲಿಸುತ್ತೇವೆ?

ಈ ಆಟಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಅವನ್ನು ಮರೆಮಾಡಿ ಹೊಗಳುವುದು ಸರಿಯಲ್ಲ. ಅಪಾಯವುಂಟೆಂಬುದು ಮೊದಲನೆಯದು. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಊರಿನ ಬೀದಿಯಲ್ಲಿ ಇಂಥ ಡಬ್ಬಿಯೊಂದನ್ನು ಬಾಂಬೆಂದು ಶಂಕಿಸಿ ಸೈನಿಕರನ್ನು ಕರೆಯಿಸಿ ಸಿಡಿಸಿಬಿಟ್ಟರು. 2018ರಲ್ಲಿ ಪ್ರಾಗ್ ಪಟ್ಟಣದಲ್ಲಿ ನೆಲದಡಿಯ ಕಾಲುವೆಯೊಳಗೆ ಈ ಆಟಕ್ಕಾಗಿ ಇಳಿದವರ ಮೇಲೆ ಮಳೆಯ ನೀರು ನುಗ್ಗಿ ಪ್ರಾಣನಷ್ಟವಾಯಿತು. ಇವು ಅನುಮತಿಯನ್ನು ಕೇಳುವುದೂ ಸ್ಥಳವನ್ನು ವಿಚಾರಿಸಿ ಆರಿಸುವುದೂ ಎಷ್ಟು ಅಗತ್ಯವೆಂಬುದನ್ನು ತೋರಿಸುತ್ತವೆ. ನಮ್ಮ ನಾಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಹಾಳುಗುಡಿಗಳಲ್ಲಿಯೂ ಹಳೆಯ ಕೋಟೆಗಳಲ್ಲಿಯೂ ನಿಧಿಯ ಆಸೆಯಿಂದ ನೆಲ ಅಗೆಯುವ ದುಷ್ಟರು ಇಲ್ಲಿ ಇದ್ದಾರೆ. ಯಂತ್ರವನ್ನು ಹಿಡಿದು ಕಲ್ಲು ಪೊದೆಗಳ ಹಿಂದೆ ತಡಕಾಡುವವರನ್ನು ಕಂಡರೆ ಊರವರು ನಿಧಿಗಳ್ಳರೆಂದು ತಿಳಿಯುವುದು ಆಶ್ಚರ್ಯವಲ್ಲ. ಆದುದರಿಂದ ದೇವಸ್ಥಾನ, ಶಾಸನ, ಕೋಟೆ, ರೈಲುದಾರಿ, ಅಣೆಕಟ್ಟು ಇವುಗಳ ಹತ್ತಿರ ಪೆಟ್ಟಿಗೆಯನ್ನು ಇಡಲೇಕೂಡದು. ಉಪಗ್ರಹದ ಮೂಲಕ ಸಂದೇಶಗಳನ್ನು ಕಳುಹಿಸುವ ಯಂತ್ರಗಳನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವಾದುದರಿಂದ ಪರದೇಶದಿಂದ ಬರುವ ಬಂಧುಗಳು ಅಂಥವನ್ನು ತರದಿರಲಿ.

ಕೈಯಲ್ಲಿ ಯಂತ್ರ ಹಿಡಿಯುವುದೇ ಕೇಡೆಂಬುದು ಎರಡನೆಯ ಆಕ್ಷೇಪಣೆ. ಈಗಾಗಲೇ ಮಕ್ಕಳು ಮೊಬೈಲಿನಿಂದ ಕಣ್ಣೆತ್ತುವುದಿಲ್ಲ, ಅದಕ್ಕೆ ಇದೊಂದು ನೆಪವೇ ಎಂದು ತಾಯಿಯೊಬ್ಬರು ನನ್ನನ್ನು ಕೇಳಿದರು. ಅವರ ಚಿಂತೆಯು ನ್ಯಾಯವಾದುದೇ. ಆದರೆ 1854ರ ಆ ಸೀಸೆಯನ್ನು ನೆನೆಯಿರಿ. ಒಂದು ಡಬ್ಬಿ, ಒಂದು ಪುಸ್ತಕ, ಒಂದು ಸೀಸದಕಡ್ಡಿ, ಒಂದು ದಿಕ್ಸೂಚಿ, ಇಷ್ಟರಿಂದಲೇ ಆಟವು ನಡೆಯುವುದು. "ಬಾವಿಯಿಂದ ಬಡಗಲಾಗಿ ನಲವತ್ತು ಹೆಜ್ಜೆ, ಅಲ್ಲಿಂದ ಹುಣಿಸೆಯ ಮರದ ಕಡೆಗೆ ಹದಿನೈದು ಹೆಜ್ಜೆ" ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಯಂತ್ರವು ಬೇಕಾದಲ್ಲಿ ಹತ್ತು ಹುಡುಗಿಯರಿಗೆ ಒಂದು, ಅದೂ ಉಪಾಧ್ಯಾಯಿನಿಯ ಕೈಯಲ್ಲಿ ಇರಲಿ.

ಮೂರನೆಯ ಆಕ್ಷೇಪಣೆಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲವಾದರೂ ಅದೇ ಎಲ್ಲಕ್ಕಿಂತಲೂ ದೊಡ್ಡದು. ಹೆಣ್ಣುಮಕ್ಕಳು ಹೊರಗೆ ತಿರುಗಬಾರದೆಂಬುದೇ ಅದು. ಭಯವು ನಿಜವಾದುದೆಂದು ನಾನು ಬಲ್ಲೆನು. ಮಕ್ಕಳನ್ನು ಬೆಳಿಗ್ಗೆ ನಮ್ಮ ವಶಕ್ಕೆ ಕೊಟ್ಟ ತಾಯಿತಂದೆಗಳಿಗೆ ಸಾಯಂಕಾಲ ಲೆಕ್ಕ ಒಪ್ಪಿಸಬೇಕಾದವಳು ನಾನೇ. ಒಬ್ಬೊಬ್ಬಳೇ ಕಾಡು ಹೊಗಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಹದಿನಾರು ವರುಷಗಳ ತನಕ ರಸ್ತೆಯನ್ನು ಬಂಡಿಯ ಕಿಟಕಿಯಿಂದ ಮಾತ್ರವೇ ನೋಡಿದವಳು ಹದಿನೇಳನೆಯದರಲ್ಲಿ ದೊಡ್ಡ ಪಟ್ಟಣದ ಕಾಲೇಜಿಗೆ ಹೋಗುತ್ತಾಳಲ್ಲವೇ? ಆಗ ದಿಕ್ಕು ತಿಳಿಯದೆ, ದಾರಿ ಕೇಳಲು ಅಂಜುತ್ತಾ, ಯಾರು ನಂಬತಕ್ಕವರು ಯಾರು ನಂಬಬಾರದವರು ಎಂದರಿಯದೆ ನಿಲ್ಲುವ ಅವಳನ್ನು ಕಾಪಾಡುವವರಾರು? ನಾಲ್ವರು ಗೆಳತಿಯರೊಡನೆ, ಹಿರಿಯರೊಬ್ಬರ ಕಣ್ಣೆದುರಿಗೆ, ಹಾದಿ ತಪ್ಪಿ ಹಾದಿ ಕಂಡುಕೊಳ್ಳುವುದನ್ನು ಈಗಲೇ ಕಲಿತರೆ ಅದೇ ಅವಳಿಗೆ ಕಾವಲು. ಬಾಗಿಲು ಮುಚ್ಚುವುದು ಕಾವಲನ್ನು ಮುಂದಕ್ಕೆ ಹಾಕುವುದೇ ಹೊರತು ಕಾವಲಲ್ಲ.

ಹಾಗಾದರೆ ಹೇಗೆ ಪ್ರಾರಂಭಿಸಬೇಕು? ಮೊದಲು ಬಚ್ಚಿಡುವುದನ್ನು ಕಲಿಸೋಣ, ಹುಡುಕುವುದು ಆಮೇಲೆ ಬರಲಿ. ಎಂಟನೆಯ ತರಗತಿಯ ಹುಡುಗಿಯರು ನಾಲ್ವರು ನಾಲ್ವರಾಗಿ ಶಾಲೆಯ ಆವರಣದೊಳಗೆ ಒಂದೊಂದು ಡಬ್ಬಿಯನ್ನು ಇಡಲಿ. ತೋಟದ ಮಾಲಿಯನ್ನು ಕೇಳಿ ಒಪ್ಪಿಗೆಯನ್ನು ಪಡೆಯಲಿ. ಅವುಗಳಲ್ಲಿ ಒಂದಾದರೂ ನಡೆಯಲಾರದ ಸಹಪಾಠಿಗೂ ಎಟಕುವಂತಿರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ ಪುಸ್ತಕವು ನೆನೆಯಿತೇ ಎಂದು ನೋಡಲಿ. ಒಂದು ವರುಷ ಇದನ್ನು ಬೇಸರಪಡದೆ ನಡೆಸಿದವರು ಮರು ವರುಷ ಆವರಣದ ಆಚೆಗೆ, ಕೆರೆಯ ಏರಿಯವರೆಗೆ, ಅಲ್ಲಿಂದ ಗುಡ್ಡದ ತಪ್ಪಲವರೆಗೆ ಉಪಾಧ್ಯಾಯಿನಿಯರೊಡನೆ ಹೋಗಲಿ. ಹೋಗುವಾಗ ಒಂದೊಂದು ಚೀಲವನ್ನೂ ಒಯ್ಯಲಿ. ಯಾಕಂದರೆ ದಾರಿಯಲ್ಲಿ ಕಂಡ ಕಸವನ್ನು ಹೊತ್ತು ತರುವ ಪದ್ಧತಿಯು 2002ರಿಂದ ಈ ಆಟದವರಲ್ಲಿ ನಡೆದುಬಂದಿದೆ. ನಮ್ಮ ಕೆರೆಯ ಏರಿಯ ಮೇಲೆ ಅದಕ್ಕೆ ಕೆಲಸವು ಕಡಮೆಯಿಲ್ಲ.

ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ: ಬರುವ ವರುಷ ಇಂಥ ಒಂದು ಅನುಮತಿಪತ್ರವು ನಿಮ್ಮ ಮನೆಗೆ ಬಂದಾಗ ಅದನ್ನು ಸಹಿಯಿಲ್ಲದೆ ಹಿಂದಿರುಗಿಸುವ ಮುಂಚೆ, ನಿಮ್ಮ ಮಗಳನ್ನು ಕರೆದು ಮನೆಯ ಹಿಂದಣ ಹಳ್ಳವು ಎತ್ತ ಹರಿಯುವುದೆಂದು ಒಂದು ಮಾತು ಕೇಳಿರಿ.

ಪರದೇಶಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ವಿಜ್ಞಾಪನೆ. ಆ ಎರಡನೆಯ ಬುಗುರಿಯು ಹೊರಟು ಎಂಟು ತಿಂಗಳಾಯಿತು. ಕಡೆಯ ಸಾರಿ ಅದನ್ನು ಕಂಡವರು ಫ್ರಾನ್ಸಿನವರು. ಬಣ್ಣವು ಒಂದು ಕಡೆ ಎದ್ದಿದೆಯೆಂದೂ ಬಿಲ್ಲೆಯ ಸರಪಣಿಯನ್ನು ತಾವು ಭದ್ರವಾಗಿ ಕಟ್ಟಿದ್ದೇವೆಂದೂ ಬರೆದಿದ್ದಾರೆ. ಮೈಸೂರಿನಲ್ಲಿ ನನ್ನ ತಾಯಿಯವರು ಪ್ರತಿ ಭಾನುವಾರವೂ ಅದು ಎಲ್ಲಿಗೆ ಬಂದಿತೆಂದು ವಿಚಾರಿಸುತ್ತಾರೆ. ಹಳದಿಯೂ ಕೆಂಪೂ ಪಟ್ಟೆಗಳಿರುವ ಚನ್ನಪಟ್ಟಣದ ಬುಗುರಿಯೊಂದು ನಿಮ್ಮ ಊರಿನ ಯಾವುದಾದರೊಂದು ಪೆಟ್ಟಿಗೆಯಲ್ಲಿ ನಿಮ್ಮ ಕೈಗೆ ಸಿಕ್ಕಿದರೆ, ಊರಿನ ನೆನಪಿಗೆಂದು ಇಟ್ಟುಕೊಳ್ಳಬೇಡಿರಿ. ಮೂಡಲ ಕಡೆಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸಿರಿ.